ಊಟದ ಮೇಜಿನ ಕೆಳಗಿನ ಹುಲಿ

ನನ್ನ ಅಕ್ಕನ ಮಗಳು ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಗೆ ಹೋಗಿ ಎಂಟೊಂಬತ್ತು ವರ್ಷವಾಯಿತು. ಕಳೆದ ವರ್ಷ ಅವಳಿಗೆ ಬ್ರಿಟಿಷ್ ಪೌರತ್ವ ಸಿಕ್ಕಿತು. ಅಲ್ಲಿಯ ಪುರಭವನದಲ್ಲಿ ಒಂದು ಚಿಕ್ಕ ಸಮಾರಂಭವಿರುತ್ತದೆ. ರಾಜ ಮೂರನೇ ಚಾರ್ಲ್ಸ್‌ಗೆ ನಿಷ್ಠಳಾಗಿರುತ್ತೇನೆಂದು ಪ್ರಮಾಣ ಮಾಡಬೇಕು, ಎದ್ದು ನಿಂತು ರಾಷ್ಟ್ರಗೀತೆ ಹಾಡಬೇಕು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಆಮೇಲೆ ಇಲ್ಲಿಯ ಪಾಸ್‌ಪೋರ್ಟನ್ನು ವಾಪಸು ಒಪ್ಪಿಸಬೇಕು. ಇದಕ್ಕೆಲ್ಲ ಒಂದು ತಿಂಗಳಿರುವಾಗ ಫೋನು ಮಾಡಿದಳು. "ಮಾಮ, ಪೌರತ್ವದ ಪರೀಕ್ಷೆ ಪಾಸು ಮಾಡಿದ್ದೀನಿ. 24 ಪ್ರಶ್ನೆ, 45 ನಿಮಿಷ. ಎಂಟನೇ ಹೆನ್ರಿಗೆ ಎಷ್ಟು ಜನ ಹೆಂಡ್ತೀರು ಅಂತ ಕೇಳಿದ್ರೆ ನಿದ್ದೆಯಲ್ಲೂ ಹೇಳ್ತೀನಿ. ಆದ್ರೆ ಬ್ರಿಟಿಷ್ ಆಗೋದ್ರಲ್ಲಿ ಹೆಮ್ಮೆಪಡೋಕೆ ಏನಿದೆ ಅಂತ ಆ ಪುಸ್ತಕದಲ್ಲಿ ನಂಗೆ ಸಿಗಲಿಲ್ಲ. ನೀವು ಇಂಗ್ಲಿಷ್ ಮೇಷ್ಟ್ರು, ಒಂದು ಒಳ್ಳೆ ಪುಸ್ತಕ ಹೇಳಿ" ಎಂದಳು.

ನಾನು ಹೆಚ್ಚು ಯೋಚಿಸದೆ ಕಜುವೊ ಇಶಿಗುರೊನ 'ದಿ ರಿಮೇನ್ಸ್ ಆಫ್ ದ ಡೇ' ಕಾದಂಬರಿಯ ಹೆಸರು ಹೇಳಿದೆ. ಹಲವು ವರ್ಷ ಅದನ್ನು ಪಾಠ ಮಾಡಿದ್ದೇನೆ. ಜಪಾನಿನ ನಾಗಾಸಾಕಿಯಲ್ಲಿ 1954ರಲ್ಲಿ ಹುಟ್ಟಿ, ಐದು ವರ್ಷದವನಿದ್ದಾಗ ತಂದೆತಾಯಿಯ ಜೊತೆ ಇಂಗ್ಲೆಂಡಿಗೆ ಬಂದು, 1983ರಲ್ಲಿ ಬ್ರಿಟಿಷ್ ಪ್ರಜೆಯಾದವನು ಬರೆದ ಪುಸ್ತಕ. ಹೊರಗಿನಿಂದ ಬಂದು ಒಳಗಿನವನಾದವನ ಕಣ್ಣು ಅವಳಿಗೆ ಉಪಯೋಗವಾದೀತು ಎಂದುಕೊಂಡೆ. ಎರಡು ವಾರದ ಮೇಲೆ ಅವಳು ಮತ್ತೆ ಫೋನು ಮಾಡಿ ಒಂದು ಪ್ರಶ್ನೆ ಕೇಳಿದಳು. ಇಷ್ಟು ವರ್ಷ ಪಾಠ ಮಾಡಿದ ನನಗೆ ಹೊಳೆಯದಿದ್ದ ಪ್ರಶ್ನೆ. ಈ ಬರಹ ಅದರ ಸುತ್ತ ನಡೆದ ನನ್ನ ಮರುಓದು.

ಕಾದಂಬರಿ ಓದದವರಿಗಾಗಿ ನಾಲ್ಕು ಮಾತು. 1989ರಲ್ಲಿ ಪ್ರಕಟವಾಗಿ ಅದೇ ವರ್ಷ ಬುಕರ್ ಪ್ರಶಸ್ತಿ ಪಡೆದ ಈ ಕೃತಿಯ ಕಥೆ ನಡೆಯುವುದು 1956ರ ಜುಲೈ ತಿಂಗಳಲ್ಲಿ. ಡಾರ್ಲಿಂಗ್ಟನ್ ಹಾಲ್ ಎಂಬ ದೊಡ್ಡ ಬಂಗಲೆಯ ಬಟ್ಲರ್ ಸ್ಟೀವನ್ಸ್. ಬಂಗಲೆಯ ಒಡೆಯ ಲಾರ್ಡ್ ಡಾರ್ಲಿಂಗ್ಟನ್ ತೀರಿಕೊಂಡು, ಮನೆ ಈಗ ಒಬ್ಬ ಅಮೆರಿಕನ್ನನ ಪಾಲಾಗಿದೆ. ಅವನ ಕಾರು ತೆಗೆದುಕೊಂಡು ಸ್ಟೀವನ್ಸ್ ಆರು ದಿನದ ಪ್ರವಾಸ ಹೊರಡುತ್ತಾನೆ. ಹಿಂದೆ ಜೊತೆಗೆ ಕೆಲಸ ಮಾಡಿದ್ದ ಮಿಸ್ ಕೆಂಟನ್‌ಳನ್ನು ಕಾಣುವ ನೆಪ. ದಾರಿಯುದ್ದಕ್ಕೂ ಹಳೆಯದನ್ನು ನೆನೆಯುತ್ತ ಹೋಗುತ್ತಾನೆ. ತಾನು ಜೀವನವಿಡೀ ಸೇವೆ ಮಾಡಿದ ಒಡೆಯ ಹಿಟ್ಲರನ ಜರ್ಮನಿಯ ಪರವಾಗಿ ಬ್ರಿಟನ್ನಿನಲ್ಲಿ ಓಡಾಡಿದವನು ಎಂಬ ಸತ್ಯ ಓದುಗರಿಗೆ ಬೇಗ ತಿಳಿಯುತ್ತದೆ. ಸ್ಟೀವನ್ಸ್ ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವಷ್ಟರಲ್ಲಿ ಪುಸ್ತಕ ಮುಗಿಯುತ್ತ ಬಂದಿರುತ್ತದೆ.

1993ರ ಸಿನಿಮಾ ನೋಡಿದವರು ಇದನ್ನು ಹೇಳದೇ ಉಳಿದ ಪ್ರೀತಿಯ ಕಥೆಯಾಗಿ ನೆನೆಯುತ್ತಾರೆ. ಅದು ಇದೆ. ಆದರೆ ಕಾದಂಬರಿಯ ಒಳಗೆ ಇನ್ನೊಂದು ವಾದ ನಡೆಯುತ್ತಿದೆ. ತನ್ನ ದೇಶದ ಬಗ್ಗೆ ಒಬ್ಬ ಮನುಷ್ಯ ಯಾವುದಕ್ಕೆ ಹೆಮ್ಮೆಪಡಬಹುದು ಎಂಬ ವಾದ. ಇಶಿಗುರೊ ಅದನ್ನು ಮೂರು ಕಡೆ ಮೂರು ರೀತಿಯಲ್ಲಿ ಇಡುತ್ತಾನೆ.

ಮೊದಲನೆಯದು ಪ್ರವಾಸದ ಮೊದಲ ದಿನ ಬರುತ್ತದೆ. ಸ್ಟೀವನ್ಸ್ ಕಾರು ನಿಲ್ಲಿಸಿ ಕಾಲು ಸಡಿಲ ಮಾಡಿಕೊಳ್ಳುತ್ತಿದ್ದಾಗ ದಾರಿಬದಿಯಲ್ಲಿ ಕೂತಿದ್ದ ಒಬ್ಬ ಮುದುಕ, ಮೇಲೆ ಹತ್ತಿ ನೋಡು, ಇಂಥ ನೋಟ ಬೇರೆಲ್ಲೂ ಸಿಗದು ಎನ್ನುತ್ತಾನೆ. ಹತ್ತಿ ನೋಡಿದರೆ ಅಂಥದ್ದೇನೂ ಇಲ್ಲ. ಏರಿಳಿಯುವ ಹೊಲಗಳು, ಬೇಲಿಸಾಲು, ದೂರದಲ್ಲಿ ಕುರಿ, ಒಂದು ಚರ್ಚಿನ ಗೋಪುರ. ಆ ರಾತ್ರಿ ಸಾಲ್ಸ್‌ಬರಿಯ ವಸತಿಗೃಹದಲ್ಲಿ ಕೂತು ಅವನು ತತ್ವಜ್ಞಾನಿಯಾಗುತ್ತಾನೆ. ಬೇರೆ ದೇಶಗಳ ಬೆಟ್ಟ ಜಲಪಾತಗಳ ಚಿತ್ರ ಪತ್ರಿಕೆಗಳಲ್ಲಿ ನೋಡಿದ್ದಾನೆ. ಆಫ್ರಿಕಾ, ಅಮೆರಿಕಗಳ ದೃಶ್ಯಗಳು ಅವನಿಗೆ ತೀರ ಆಡಂಬರದವು ಅನ್ನಿಸುತ್ತವೆ. ಇಂಗ್ಲೆಂಡಿನ ನೆಲಕ್ಕೆ ತನ್ನ ಚೆಲುವು ಗೊತ್ತು, ಅದನ್ನು ಕೂಗಿ ಹೇಳುವ ಅಗತ್ಯ ಅದಕ್ಕಿಲ್ಲ. 'ಗ್ರೇಟ್' ಬ್ರಿಟನ್ ಎಂಬ ಹೆಸರಿಗೆ ಈ ಸಂಯಮವೇ ಸಾಕ್ಷಿ ಎಂಬುದು ಅವನ ಸಿದ್ಧಾಂತ. ಅಲ್ಲಿಂದ ಒಂದೇ ಜಿಗಿತಕ್ಕೆ ದೊಡ್ಡ ಬಟ್ಲರ್ ಎಂದರೆ ಯಾರು ಎಂಬ ಪ್ರಶ್ನೆಗೆ ಬರುತ್ತಾನೆ. ಉತ್ತರ ಅದೇ: ಘನತೆ, ಅಂದರೆ ಯಾವ ಸಂದರ್ಭದಲ್ಲೂ ಭಾವನೆಯನ್ನು ಹೊರಗೆ ತೋರದಿರುವುದು. ಬಟ್ಲರುಗಳು ಇರುವುದು ಇಂಗ್ಲೆಂಡಿನಲ್ಲಿ ಮಾತ್ರ, ಉಳಿದ ದೇಶಗಳಲ್ಲಿ ಇರುವವರು ಬರೀ ಆಳುಗಳು ಎಂಬ ಮಾತನ್ನೂ ಅವನು ಒಪ್ಪುತ್ತಾನೆ.

ತರಗತಿಯಲ್ಲಿ ಇಲ್ಲಿಗೆ ಬಂದಾಗ ಹುಡುಗರು ನಗುತ್ತಾರೆ. ನಾನೂ ನಗುತ್ತಿದ್ದೆ. ಆದರೆ ಇದು ಸ್ಟೀವನ್ಸ್ ಒಬ್ಬನ ಹುಚ್ಚಲ್ಲ. ಬ್ರಿಟಿಷರಲ್ಲಿ ಏನು ಇಷ್ಟ ಎಂದು ಯಾರನ್ನು ಕೇಳಿದರೂ ಬರುವ ಪಟ್ಟಿ ನೆನಪಿಸಿಕೊಳ್ಳಿ: ಸಾಲಿನಲ್ಲಿ ತಾಳ್ಮೆಯಿಂದ ನಿಲ್ಲುವುದು, ಮಳೆಯಲ್ಲೂ ಗೊಣಗದೆ ಚಹಾ ಕುಡಿಯುವುದು, ತಪ್ಪು ನಮ್ಮದಲ್ಲದಿದ್ದರೂ 'ಸಾರಿ' ಎನ್ನುವುದು, ತಮ್ಮನ್ನೇ ಗೇಲಿ ಮಾಡಿಕೊಳ್ಳುವುದು, ಜಂಬ ಕೊಚ್ಚಿಕೊಳ್ಳದಿರುವುದು. ಇವೆಲ್ಲ ಒಳ್ಳೆಯ ಗುಣಗಳೇ. ತೊಡಕು ಇರುವುದು ಕೊನೆಯದರಲ್ಲಿ. ಜಂಬವಿಲ್ಲ ಎಂಬುದೇ ಜಂಬದ ವಿಷಯವಾದಾಗ ಅದನ್ನು ಹೊತ್ತವನಿಗೆ ಅದು ಕಾಣುವುದಿಲ್ಲ. ಧ್ವಜ ಬೀಸಿ ಎದೆ ಬಡಿದುಕೊಳ್ಳುವವನಿಗೆ ತಾನು ಹೆಮ್ಮೆಪಡುತ್ತಿದ್ದೇನೆ ಎಂಬುದಾದರೂ ಗೊತ್ತಿರುತ್ತದೆ. ಸ್ಟೀವನ್ಸ್ ತಾನು ವಿನಯಿ ಎಂದೇ ನಂಬಿದ್ದಾನೆ. ಇನ್ನೂ ಒಂದು ಸಂಗತಿ: ಅವನು ಇಂಗ್ಲೆಂಡನ್ನು ನೋಡಿಯೇ ಇಲ್ಲ. ಒಡೆಯನ ಗ್ರಂಥಾಲಯದಲ್ಲಿದ್ದ ಒಂದು ಪ್ರವಾಸ ಗ್ರಂಥದ ಸಂಪುಟಗಳೇ ಅವನಿಗೆ ದೇಶ. ಒಂದು ದಿನ, ಒಂದು ಗುಡ್ಡ, ಒಂದು ನೋಟ; ಅಷ್ಟಕ್ಕೇ ಜಗತ್ತಿನ ದೇಶಗಳನ್ನೆಲ್ಲ ತೂಗಿಬಿಡುತ್ತಾನೆ.

ಎರಡನೆಯದು ಹುಲಿಯ ಕಥೆ. ಘನತೆ ಎಂದರೇನು ಎಂದು ವಿವರಿಸಲು ಸ್ಟೀವನ್ಸ್ ತನ್ನ ತಂದೆ ಮತ್ತೆ ಮತ್ತೆ ಹೇಳುತ್ತಿದ್ದ ಪ್ರಸಂಗವನ್ನು ನೆನೆಯುತ್ತಾನೆ. ತಂದೆಯೂ ಬಟ್ಲರನೇ. ಒಬ್ಬ ಇಂಗ್ಲಿಷ್ ಬಟ್ಲರ್ ತನ್ನ ಒಡೆಯನೊಂದಿಗೆ ಭಾರತಕ್ಕೆ ಹೋಗಿ, ಅಲ್ಲಿಯ ನೇಟಿವ್ ಆಳುಗಳಿಂದಲೂ ಇಂಗ್ಲೆಂಡಿನಷ್ಟೇ ಶಿಸ್ತಾಗಿ ಕೆಲಸ ತೆಗೆಯುತ್ತಿದ್ದನಂತೆ. ಒಂದು ಸಂಜೆ ಊಟದ ಕೋಣೆಗೆ ಹೋಗಿ ನೋಡಿದರೆ ಮೇಜಿನ ಕೆಳಗೆ ಹುಲಿ ಮಲಗಿದೆ. ಸದ್ದಿಲ್ಲದೆ ಬಾಗಿಲು ಮುಚ್ಚಿಕೊಂಡು, ಒಡೆಯ ಅತಿಥಿಗಳೊಡನೆ ಚಹಾ ಕುಡಿಯುತ್ತಿದ್ದಲ್ಲಿಗೆ ಬಂದು, ಮೆಲ್ಲಗೆ ಕೆಮ್ಮಿ, ಬಂದೂಕು ಬಳಸಲು ಅನುಮತಿ ಕೇಳುತ್ತಾನೆ. ಸ್ವಲ್ಪ ಹೊತ್ತಿಗೆ ಮೂರು ಗುಂಡಿನ ಸದ್ದು. ಆಮೇಲೆ ಏನೂ ಆಗದವನಂತೆ ಚಹಾ ತುಂಬಿಕೊಂಡು ಬರುತ್ತಾನೆ. ಊಟ ಎಂದಿನ ಹೊತ್ತಿಗೇ ಇರುತ್ತದೆ, ಅಷ್ಟರೊಳಗೆ ನಡೆದದ್ದರ ಕುರುಹೂ ಉಳಿದಿರುವುದಿಲ್ಲ ಎಂದು ಒಡೆಯನಿಗೆ ತಿಳಿಸುತ್ತಾನೆ. ಆ ಕೊನೆಯ ಮಾತನ್ನು ಹೇಳುವಾಗ ತಂದೆ ಪ್ರತಿ ಸಲವೂ ಮೆಚ್ಚಿ ತಲೆದೂಗುತ್ತಿದ್ದ.

ಅಕ್ಕನ ಮಗಳು ಕೇಳಿದ್ದು ಇದನ್ನೇ. "ಮಾಮ, ಗುಂಡು ಹೊಡೆದವನು ಬಟ್ಲರ್, ಸರಿ. ಆ ಹುಲೀನ ಹೊರಗೆ ಎಳೆದವರು ಯಾರು? ರಕ್ತ ಒರೆಸಿದವರು? ವಾರ್ಡಿನಲ್ಲಿ ಒಬ್ಬ ಮನುಷ್ಯನ್ನ ಎತ್ತೋಕೇ ನಾಲ್ಕು ಜನ ಬೇಕು. ಹುಲಿ ಅಂದ್ರೆ ಎಷ್ಟು ಭಾರ ಇರುತ್ತೆ ಗೊತ್ತಾ?"

ನಾನು ಈ ಪ್ರಸಂಗವನ್ನು ವರ್ಷಗಟ್ಟಲೆ ವ್ಯಂಗ್ಯಕ್ಕೆ ಉದಾಹರಣೆಯಾಗಿ ಬಳಸಿದ್ದೇನೆ. ಸಂಯಮದ ಅತಿರೇಕ ನೋಡಿ, ಎಷ್ಟು ತಮಾಷೆ ನೋಡಿ ಎಂದಿದ್ದೇನೆ. ಭಾರತದಲ್ಲಿ ಕೂತು, ಭಾರತದ ಮಕ್ಕಳಿಗೆ ಪಾಠ ಮಾಡುತ್ತ, ಆ ಕೋಣೆಯಲ್ಲಿ ಬಾಲ್ದಿ ಬಟ್ಟೆ ಹಿಡಿದು ಕೂತಿದ್ದ ನಮ್ಮ ಜನ ನನಗೆ ಕಂಡಿರಲಿಲ್ಲ. ಇಶಿಗುರೊ ಅವರನ್ನು ವಾಕ್ಯದಲ್ಲಿ ಒಮ್ಮೆ ಹೆಸರಿಲ್ಲದೆ ಮುಟ್ಟಿ ಬಿಟ್ಟಿದ್ದಾನೆ. ಹುಲಿ ಬಿದ್ದ ಮೇಲೆ ಅವರ ಸುದ್ದಿಯೇ ಇಲ್ಲ. ಅದು ಅವನ ಮರೆವು ಎಂದು ನಾನು ನಂಬುವುದಿಲ್ಲ. ಕಥೆ ಹೇಳುತ್ತಿರುವವನು ಸ್ಟೀವನ್ಸ್; ಅವನಿಗೆ ಕಾಣದ್ದನ್ನು ನಾವು ಕಾಣಬೇಕೆಂದೇ ಕಾದಂಬರಿ ಹಾಗೆ ಕಟ್ಟಿದೆ. ಇಂಗ್ಲಿಷ್ ಘನತೆಯ ಅತ್ಯುತ್ತಮ ಮಾದರಿ ಇಂಗ್ಲೆಂಡಿನಲ್ಲಿ ಸಿಗದೆ ಭಾರತದಲ್ಲಿ ಸಿಕ್ಕಿತು ಎಂಬುದನ್ನೂ ಗಮನಿಸಬೇಕು. ಕುರುಹು ಉಳಿಯದ ಹಾಗೆ ಶುಚಿ ಮಾಡುವವರು ಬೇರೆ ಇದ್ದುದರಿಂದಲೇ ಬಟ್ಲರನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಈ ಓದು ನನ್ನನ್ನು ಜಾರ್ಜ್ ಆರ್ವೆಲ್ ಬಳಿಗೆ ಕರೆದೊಯ್ದಿತು. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿ, ಬರ್ಮಾದಲ್ಲಿ ಸಾಮ್ರಾಜ್ಯದ ಪೊಲೀಸನಾಗಿದ್ದವನು ಆರ್ವೆಲ್. ಲಂಡನ್ನಿನ ಮೇಲೆ ಜರ್ಮನ್ ಬಾಂಬರುಗಳು ಹಾರಾಡುತ್ತಿದ್ದ ದಿನಗಳಲ್ಲಿ ಅವನು ಬರೆದ 'ದಿ ಲಯನ್ ಅಂಡ್ ದಿ ಯುನಿಕಾರ್ನ್' 1941ರಲ್ಲಿ ಪ್ರಕಟವಾಯಿತು. ದೇಶಪ್ರೇಮವನ್ನು ಎಡಪಂಥದವರು ಕೀಳಾಗಿ ಕಾಣಬಾರದು ಎಂದು ವಾದಿಸಿದ ಪುಸ್ತಕ ಅದು. ಇಂಗ್ಲಿಷರಲ್ಲಿ ಅವನು ಮೆಚ್ಚುವುದೂ ಸಣ್ಣ ಸಂಗತಿಗಳನ್ನೇ: ಹೂವಿನ ಮೇಲಿನ ಮೋಹ, ಅಂಚೆಚೀಟಿ ಕೂಡಿಡುವ, ಪಾರಿವಾಳ ಸಾಕುವ ಖಯಾಲಿಗಳು, ಬಂದೂಕಿಲ್ಲದೆ ಓಡಾಡುವ ಪೊಲೀಸರು, ಯಾರ ಅಪ್ಪಣೆಯೂ ಇಲ್ಲದೆ ತಮ್ಮ ಪಾಡಿಗೆ ತಾವು ಇರುವ ಸ್ವಾತಂತ್ರ್ಯ. ಓದುತ್ತ ಹೋದರೆ ಸ್ಟೀವನ್ಸನ ಗುಡ್ಡದ ನೋಟವೇ ಇನ್ನೊಂದು ವೇಷದಲ್ಲಿ ಬಂದಂತೆ ಕಾಣುತ್ತದೆ.

ಆದರೆ ಆರ್ವೆಲ್ ಅಲ್ಲಿಗೆ ನಿಲ್ಲುವುದಿಲ್ಲ. ಇಂಗ್ಲೆಂಡನ್ನು ಅವನು ಒಂದು ಕುಟುಂಬಕ್ಕೆ ಹೋಲಿಸುತ್ತಾನೆ. ಯಜಮಾನಿಕೆ ತಪ್ಪು ಜನರ ಕೈಯಲ್ಲಿದೆ, ಬಡ ನೆಂಟರನ್ನು ಅದುಮಿಟ್ಟಿದ್ದಾರೆ, ಸಿರಿವಂತ ನೆಂಟರಿಗೆ ನಡುಬಗ್ಗಿಸುತ್ತಾರೆ. ಜೊತೆಗೆ, ಮನೆಯ ಆದಾಯ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಎಲ್ಲರೂ ಸೇರಿ ಮೌನ ಕಾಯುತ್ತಾರೆ ಎನ್ನುತ್ತಾನೆ. ನಮ್ಮಲ್ಲಿ ಅವಿಭಕ್ತ ಕುಟುಂಬ ಕಂಡವರಿಗೆ ಈ ಹೋಲಿಕೆಗೆ ಟಿಪ್ಪಣಿ ಬೇಕಿಲ್ಲ. ಆ ಆದಾಯದಲ್ಲಿ ಭಾರತದ ಪಾಲೆಷ್ಟು ಎಂದು ಆರ್ವೆಲ್‌ಗೆ ಗೊತ್ತಿತ್ತು. ಅದೇ ಪುಸ್ತಕದ ಕೊನೆಯಲ್ಲಿ ಅವನು ಪಟ್ಟಿ ಮಾಡಿದ ಆರು ಬೇಡಿಕೆಗಳಲ್ಲಿ ಒಂದು, ಭಾರತಕ್ಕೆ ತಕ್ಷಣ ಡೊಮಿನಿಯನ್ ಸ್ಥಾನ ಕೊಟ್ಟು, ಯುದ್ಧ ಮುಗಿದ ಮೇಲೆ ಬೇಕಾದರೆ ಪೂರ್ತಿ ಬಿಟ್ಟುಹೋಗುವ ಹಕ್ಕು ಕೊಡಬೇಕು ಎಂಬುದು. ಆರ್ವೆಲ್‌ಗೂ ಸ್ಟೀವನ್ಸನಿಗೂ ಇರುವ ವ್ಯತ್ಯಾಸ ಇದು. ಇಬ್ಬರೂ ಹೂತೋಟ ನೋಡಿ ಸಂತೋಷಪಡುತ್ತಾರೆ. ತೋಟಕ್ಕೆ ನೀರು ಯಾರ ಬಾವಿಯಿಂದ ಬಂತು ಎಂದು ಕೇಳುವವನು ಒಬ್ಬನೇ.

ಕಾದಂಬರಿಯ ಮೂರನೆಯ ಪ್ರಸಂಗ ನನಗೆ ಈಗ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಡೆವನ್ ಪ್ರಾಂತ್ಯದ ಒಂದು ಹಳ್ಳಿಯ ಬಳಿ ಕಾರಿನ ಪೆಟ್ರೋಲು ಮುಗಿದು ಸ್ಟೀವನ್ಸ್ ಒಂದು ರೈತ ಕುಟುಂಬದ ಮನೆಯಲ್ಲಿ ರಾತ್ರಿ ತಂಗುತ್ತಾನೆ. ಅವನ ಬಟ್ಟೆಬರೆ ನೋಡಿ ದೊಡ್ಡ ಮನುಷ್ಯನೆಂದು ತಿಳಿದು ಊರಿನವರು ಸೇರುತ್ತಾರೆ. ಮಾತು ಘನತೆಯ ಕಡೆ ತಿರುಗಿದಾಗ ಹ್ಯಾರಿ ಸ್ಮಿತ್ ಎಂಬ ಹಳ್ಳಿಗ ಎದುರು ವಾದ ಹೂಡುತ್ತಾನೆ. ಘನತೆ ದೊಡ್ಡವರ ಸೊತ್ತಲ್ಲ, ಈ ದೇಶದ ಪ್ರತಿ ಗಂಡಸು ಹೆಂಗಸಿಗೂ ಅದು ಸಿಗಬೇಕಾದ್ದು. ಹಿಟ್ಲರನ ವಿರುದ್ಧ ಹೋರಾಡಿದ್ದೇ ಅದಕ್ಕೆ. ಸ್ವತಂತ್ರನಾಗಿ ಹುಟ್ಟಿ, ಮನಸ್ಸಿಗೆ ಬಂದದ್ದನ್ನು ಹೇಳಿ, ನನ್ನ ಪ್ರತಿನಿಧಿಯನ್ನು ಆರಿಸುವ, ಕಿತ್ತುಹಾಕುವ ಹಕ್ಕು ಇರುವುದೇ ಘನತೆ ಎಂಬುದು ಅವನ ನಿಲುವು. ಆ ಹಳ್ಳಿ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡಿದೆ. ಅವನ ಮಾತಿಗೆ ಆ ತೂಕ ಇದೆ.

ಇದರ ಎದುರಿಗೆ ಇಶಿಗುರೊ ಇನ್ನೊಂದು ನೆನಪನ್ನು ಇಡುತ್ತಾನೆ. ಯುದ್ಧಕ್ಕೆ ಮೊದಲು ಡಾರ್ಲಿಂಗ್ಟನ್ ಹಾಲ್‌ನಲ್ಲಿ ಒಬ್ಬ ಅತಿಥಿ ಸ್ಟೀವನ್ಸನನ್ನು ಕರೆದು ಸಾಲ, ವ್ಯಾಪಾರ, ವಿದೇಶಾಂಗ ನೀತಿಯ ಕಠಿಣ ಪ್ರಶ್ನೆಗಳನ್ನು ಒಂದರ ಮೇಲೊಂದು ಕೇಳುತ್ತಾನೆ. ಕ್ಷಮಿಸಿ, ನನ್ನಿಂದ ಸಹಾಯವಾಗದು ಎಂದಷ್ಟೇ ಸ್ಟೀವನ್ಸ್ ಹೇಳುತ್ತಾನೆ. ಇಂಥವರ ಕೈಗೆ ದೇಶದ ತೀರ್ಮಾನ ಕೊಡಬೇಕೆ ಎಂದು ಅತಿಥಿಗಳು ನಗುತ್ತಾರೆ. ಲಾರ್ಡ್ ಡಾರ್ಲಿಂಗ್ಟನ್ ಇಬ್ಬರು ಯಹೂದಿ ಕೆಲಸದ ಹುಡುಗಿಯರನ್ನು ತೆಗೆದುಹಾಕು ಎಂದಾಗಲೂ ಸ್ಟೀವನ್ಸ್ ಮುಖದಲ್ಲಿ ಏನನ್ನೂ ತೋರದೆ ತೆಗೆದುಹಾಕುತ್ತಾನೆ. ಹುಲಿಯ ಕಥೆಯ ಪಾಠವನ್ನು ಅವನು ಚೆನ್ನಾಗಿ ಕಲಿತಿದ್ದ. ಊಟ ಎಂದಿನ ಹೊತ್ತಿಗೇ ಆಯಿತು. ಒಂದು ಕುರುಹೂ ಉಳಿಯಲಿಲ್ಲ.

ಹಾಗಾದರೆ ಹ್ಯಾರಿ ಸ್ಮಿತ್ ಗೆದ್ದನೆ? ಮೊದಲೆಲ್ಲ ನಾನು ಹಾಗೇ ಪಾಠ ಮಾಡಿದ್ದೆ: ಸ್ಟೀವನ್ಸನದು ಸುಳ್ಳು ಹೆಮ್ಮೆ, ಹ್ಯಾರಿಯದು ನಿಜವಾದದ್ದು. ಆದರೆ ಆ ಕೋಣೆಯಲ್ಲೇ ಇನ್ನೊಂದು ಮಾತು ಬರುತ್ತದೆ. ಊರಿನ ಡಾಕ್ಟರು ಸಣ್ಣಪುಟ್ಟ ದೇಶಗಳೆಲ್ಲ ಸ್ವತಂತ್ರವಾಗಲಿ ಎನ್ನುವವರು. ಅದನ್ನು ಸುಳ್ಳೆಂದು ಸಾಧಿಸುವ ಓದು ತನಗಿಲ್ಲ, ಆದರೂ ಅದು ತಪ್ಪೆಂದು ತನಗೆ ಗೊತ್ತು ಎನ್ನುತ್ತಾನೆ ಹ್ಯಾರಿ. ಘನತೆ ಪ್ರತಿಯೊಬ್ಬನ ಹಕ್ಕು ಎಂದ ನಾಲಿಗೆಯೇ, ವಸಾಹತಿನ ಜನಕ್ಕೆ ಬಂದಾಗ ಆ ಹಕ್ಕನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಇದು ನಡೆಯುತ್ತಿರುವುದು 1956ರ ಜುಲೈಯಲ್ಲಿ. ಆ ತಿಂಗಳ 26ರಂದು ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ. ಅಕ್ಟೋಬರ್ ಕೊನೆಗೆ ಇಸ್ರೇಲ್ ದಾಳಿ ಮಾಡಿತು, ಹಿಂದೆಯೇ ಬ್ರಿಟನ್ ಮತ್ತು ಫ್ರಾನ್ಸ್ ಕೈಜೋಡಿಸಿದವು. ಅಮೆರಿಕದ ಒತ್ತಡಕ್ಕೆ ಮಣಿದು ಬ್ರಿಟನ್ ಹಿಂದೆ ಸರಿಯಬೇಕಾಯಿತು. ಬ್ರಿಟನ್ ಇನ್ನು ಮೊದಲಿನ ಶಕ್ತಿಯಲ್ಲ ಎಂಬುದು ಎಲ್ಲರಿಗೂ ಗೊತ್ತಾದ ವರ್ಷ ಅದು. ಕಾದಂಬರಿಯಲ್ಲಿ ಸೂಯೆಜ್ ಎಂಬ ಹೆಸರು ಒಮ್ಮೆಯೂ ಬರುವುದಿಲ್ಲ. ಬಂಗಲೆ ಅಮೆರಿಕನ್ನನ ಕೈಗೆ ಹೋಗಿದೆ ಎಂಬಷ್ಟೇ ಸೂಚನೆ. ಇದು ಇಶಿಗುರೊ ಬೇಕೆಂದೇ ಬಿಟ್ಟ ಜಾಗ ಎಂದು ಅನೇಕ ವಿಮರ್ಶಕರು ಗಮನಿಸಿದ್ದಾರೆ. ಸ್ಟೀವನ್ಸ್ ಹೇಳದೇ ಬಿಟ್ಟದ್ದರಲ್ಲೇ ಅವನ ಕಥೆ ಇರುವಂತೆ, ಆ ಹಳ್ಳಿಯ ಮಾತುಕತೆ ಹೇಳದೇ ಬಿಟ್ಟದ್ದರಲ್ಲಿ ದೇಶದ ಕಥೆ ಇದೆ.

ಇಷ್ಟು ಹೇಳಿ ಬ್ರಿಟಿಷ್ ಹೆಮ್ಮೆಯೆಲ್ಲ ಟೊಳ್ಳು ಎಂದು ಮುಗಿಸುವುದು ಸುಲಭ. ಒಂದು ಕಾಲದಲ್ಲಿ ನಾನು ಹಾಗೇ ಮುಗಿಸುತ್ತಿದ್ದೆ. ಆದರೆ ಅಕ್ಕನ ಮಗಳಿಗೆ ಉತ್ತರ ಕೊಡಬೇಕಿತ್ತು. ಅವಳು ಅಲ್ಲೇ ಬದುಕಬೇಕಾದವಳು. ಇತಿಹಾಸದ ಬಗ್ಗೆ ಸೇಡಿನ ಸಂತೋಷ ಅವಳಿಗೆ ಯಾವ ಕೆಲಸಕ್ಕೂ ಬರದು. ಹಾಗಾಗಿ ಕಾದಂಬರಿ ಹೇಳದ 1956ರ ಉಳಿದ ಭಾಗವನ್ನು ನೋಡಿದೆ. ಆ ವರ್ಷ ನವೆಂಬರ್ 4ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಸಾವಿರಾರು ಜನ ಸೇರಿ ತಮ್ಮದೇ ಸರ್ಕಾರದ ಯುದ್ಧವನ್ನು ವಿರೋಧಿಸಿದರು. ಸೈನಿಕರು ಈಜಿಪ್ಟಿನಲ್ಲಿ ಇಳಿಯುವ ಹೊತ್ತಿನಲ್ಲೇ ಇದು ನಡೆಯಿತು. ಅಲ್ಲಿ ಮಾತಾಡಿದವರಲ್ಲಿ ಪ್ರಮುಖ ಅನ್ಯೂರಿನ್ ಬೆವನ್. ಅವನು ವೇಲ್ಸ್‌ನ ಗಣಿ ಕಾರ್ಮಿಕನ ಮಗ, ತಾನೂ ಹದಿಹರೆಯದಲ್ಲೇ ಗಣಿಗಿಳಿದವನು. ಸ್ಟೀವನ್ಸ್ 'ಬ್ರಿಟನ್' ಎನ್ನುತ್ತ ಇಂಗ್ಲೆಂಡಿನ ಹೊಲಗಳನ್ನಷ್ಟೇ ನೋಡುವವನು. ಬ್ರಿಟನ್ನಿಗೆ ಹೆಮ್ಮೆಯ ಸಂಸ್ಥೆಯೊಂದನ್ನು ಕಟ್ಟಿಕೊಟ್ಟವನು ಇಂಗ್ಲಿಷನಲ್ಲದ ಈ ಬೆವನ್. 1948ರ ಜುಲೈ 5ರಂದು ಆರಂಭವಾದ ಎನ್‌ಎಚ್‌ಎಸ್ ಅಂದಿನ ಆರೋಗ್ಯ ಮಂತ್ರಿಯಾಗಿದ್ದ ಅವನ ಕೆಲಸ. ಯಾವುದು ನಿಮಗೆ ಹೆಮ್ಮೆ ಎಂದು ಬ್ರಿಟಿಷರನ್ನು ಕೇಳುವ ಸಮೀಕ್ಷೆಗಳಲ್ಲಿ ಅರಮನೆ, ಸೈನ್ಯಗಳ ಜೊತೆ, ಎಷ್ಟೋ ಸಲ ಅವಕ್ಕೂ ಮೇಲೆ, ಈ ಆಸ್ಪತ್ರೆ ವ್ಯವಸ್ಥೆಯ ಹೆಸರು ಬರುತ್ತದೆ.

2012ರ ಲಂಡನ್ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ನಿರ್ದೇಶಕ ಡ್ಯಾನಿ ಬಾಯ್ಲ್ ನಿಜವಾದ ನರ್ಸುಗಳನ್ನೇ ಕ್ರೀಡಾಂಗಣದಲ್ಲಿ ಕುಣಿಸಿ, ಆಸ್ಪತ್ರೆಯ ಮಂಚಗಳನ್ನು ಸಾಲಾಗಿ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಮತದಾನದ ಹಕ್ಕಿಗೆ ಹೋರಾಡಿದ ಹೆಂಗಸರು, ಕಾರ್ಖಾನೆಯ ಕಾರ್ಮಿಕರು, 1948ರ ಜೂನ್‌ನಲ್ಲಿ ವಿಂಡ್‌ರಷ್ ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದಿಳಿದವರು, ಎಲ್ಲರೂ ಅಲ್ಲಿದ್ದರು. ಒಂದು ದೇಶ ತನ್ನ ಸೈನ್ಯ ತೋರಿಸದೆ ತನ್ನ ನರ್ಸುಗಳನ್ನು ತೋರಿಸಿದ ಆ ರಾತ್ರಿ ನನಗೆ ನಿಜವಾಗಿ ಇಷ್ಟವಾಗಿತ್ತು. ಈಗ ಯೋಚಿಸಿದರೆ ಅಲ್ಲೂ ಮೇಜಿನ ಕೆಳಗೆ ಏನೋ ಇತ್ತು. ವಿಂಡ್‌ರಷ್‌ನವರು ಬಂದರು, ಸರಿ. ಅವರು ಬ್ರಿಟಿಷ್ ಪ್ರಜೆಗಳಾಗಿ ಬರುವ ಹಾಗೆ ಮಾಡಿದ ಸಾಮ್ರಾಜ್ಯಕ್ಕೆ ಆ ಪ್ರದರ್ಶನದಲ್ಲಿ ಒಂದು ದೃಶ್ಯ ಇರಲಿಲ್ಲ. ಎನ್‌ಎಚ್‌ಎಸ್‌ನ ಕಥೆಯಲ್ಲೂ ಅಷ್ಟೇ. ಅದು ಶುರುವಾದಾಗಿನಿಂದ ಹೊರದೇಶದ ಕೈಗಳು ಅದನ್ನು ಎತ್ತಿ ಹಿಡಿದಿವೆ. 2015ರಿಂದ ಹೊರಗಿನಿಂದ ಬಂದವರು ಆ ಸೇವೆ ಪಡೆಯಲು ವೀಸಾದ ಜೊತೆ ಪ್ರತ್ಯೇಕ ಶುಲ್ಕ ಕಟ್ಟಬೇಕಾಯಿತು, ಮೊದಲು ವರ್ಷಕ್ಕೆ 200 ಪೌಂಡ್, ಆಮೇಲೆ ಹೆಚ್ಚು. ಅಲ್ಲೇ ದುಡಿಯುವ ವಿದೇಶಿ ನರ್ಸುಗಳೂ ತೆರಿಗೆಯ ಮೇಲೆ ಅದನ್ನು ಕಟ್ಟುತ್ತಿದ್ದರು. ಆರೋಗ್ಯ ಸಿಬ್ಬಂದಿಗೆ ಅದರಿಂದ ವಿನಾಯಿತಿ ಸಿಕ್ಕಿದ್ದು 2020ರಲ್ಲಿ, ಕೊರೋನಾ ಕಾಲದಲ್ಲಿ, ಜನ ಬಾಗಿಲಿಗೆ ಬಂದು ಅವರಿಗಾಗಿ ಚಪ್ಪಾಳೆ ತಟ್ಟಿದ ವರ್ಷ. ವಿನಾಯಿತಿ ಸಿಕ್ಕಿದ್ದು ಜನ ಅದನ್ನು ಎತ್ತಿ ಕೇಳಿದ್ದರಿಂದ ಎಂಬುದನ್ನೂ ಹೇಳಬೇಕು.

ಕೇಳುವುದು ಎಂಬ ಆ ಗುಣದ ಕಡೆಗೇ ನನ್ನ ಓದು ಹೋಗಿ ನಿಲ್ಲುತ್ತದೆ. ಬ್ರಿಟನ್ನಿನ ಒಂದು ದೀರ್ಘಕಾಲದ ಸಮೀಕ್ಷೆಯಲ್ಲಿ ದೇಶದ ಇತಿಹಾಸದ ಬಗ್ಗೆ ಹೆಮ್ಮೆ ಎಂದವರು 2013ರಲ್ಲಿ ಶೇ. 86 ಇದ್ದರೆ, 2023ರಲ್ಲಿ ಶೇ. 64ಕ್ಕೆ ಇಳಿದರು. ಇದನ್ನು ಅಲ್ಲಿಯ ಹಲವರು ಅವನತಿ ಎಂದು ಕೊರಗಿದರು. ನನಗೆ ಹಾಗೆ ಕಾಣುವುದಿಲ್ಲ. ಬೆವನ್ ಚೌಕದಲ್ಲಿ ನಿಂತಾಗಲೂ ಅವನನ್ನು ದೇಶದ್ರೋಹಿ ಎನ್ನುವವರಿದ್ದರು. ನನ್ನ ಮನೆ ಎಂದುಕೊಂಡವನಿಗೆ ಮಾತ್ರ ಮನೆಯ ತಪ್ಪಿಗೆ ನಾಚಿಕೆಯಾಗುತ್ತದೆ. ಪಕ್ಕದ ಮನೆಯ ತಪ್ಪು ನಮಗೆ ಬರೀ ಸುದ್ದಿ. ಸ್ಟೀವನ್ಸ್ ಕೊನೆಗೆ ವೇಮತ್‌ನ ಸಮುದ್ರತೀರದಲ್ಲಿ ಒಬ್ಬ ಅಪರಿಚಿತನೆದುರು ಕಣ್ಣೀರಿಡುತ್ತಾನೆ. ಲಾರ್ಡ್ ಡಾರ್ಲಿಂಗ್ಟನ್ ಕನಿಷ್ಠ ತನ್ನ ತಪ್ಪನ್ನು ತಾನೇ ಮಾಡಿದ, ನಾನು ನನ್ನ ತಪ್ಪುಗಳನ್ನು ಕೂಡ ಮಾಡಲಿಲ್ಲ, ಇದರಲ್ಲಿ ಎಲ್ಲಿಯ ಘನತೆ ಎಂಬರ್ಥದ ಮಾತಾಡುತ್ತಾನೆ. ಮೂವತ್ತು ವರ್ಷದ ಸಂಯಮ ಒಡೆದು ಬಂದ ನಾಚಿಕೆ ಅದು. ಇಡೀ ಕಾದಂಬರಿಯಲ್ಲಿ ಅವನು ಹ್ಯಾರಿ ಸ್ಮಿತ್ ಹೇಳಿದ ಅರ್ಥದ ಪ್ರಜೆಯಾಗುವುದು ಆ ಒಂದು ಗಳಿಗೆಯಲ್ಲಿ. ಮರುಕ್ಷಣವೇ ಹೊಸ ಒಡೆಯನಿಗೆ ಖುಷಿಯಾಗುವಂತೆ ತಮಾಷೆ ಮಾತಾಡುವುದನ್ನು ಕಲಿಯಬೇಕು ಎಂದು ಯೋಚಿಸತೊಡಗುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ನಮ್ಮ ಕಡೆಯ ಒಂದು ಹುಲಿಯೂ ಲಂಡನ್ನಿನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಳ್ಳೆಯಲ್ಲಿ ಹೋದ ಟಿಪ್ಪುವಿನ ಮರದ ಹುಲಿ. ಬಿಳಿಯನೊಬ್ಬನ ಮೇಲೆ ಎರಗಿ ನಿಂತಿದೆ. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರುಗುಡುತ್ತದೆ, ಮನುಷ್ಯ ನರಳುತ್ತಾನೆ. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸುವುದರಿಂದ ಪಕ್ಕದಲ್ಲಿ ಓದುವವರಿಗೆ ಕಿರಿಕಿರಿಯಾಗುತ್ತಿತ್ತಂತೆ. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನೊಳಗಿದೆ. ಎರಡನೇ ಮಹಾಯುದ್ಧದ ಬಾಂಬಿಗೆ ಛಾವಣಿ ಕುಸಿದು ಅದೂ ಚೂರಾಗಿತ್ತು. ಅಲ್ಲಿಯವರೇ ಕೂಡಿಸಿ ನಿಲ್ಲಿಸಿದರು. ನಾವು ಅದನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಇನ್ನೊಬ್ಬನ ನರಳಾಟವನ್ನು ಆಟಿಕೆ ಮಾಡಿಕೊಂಡ ಸಂತೋಷವೂ ಅದರಲ್ಲಿದೆ ಎಂಬುದನ್ನು ನೆನೆಯುವುದಿಲ್ಲ. ಹಬ್ಬದ ದಿನ ನೂರು ಜನಕ್ಕೆ ಬಡಿಸಿದೆವು ಎಂದು ಬೀಗುವಾಗ ಹಿತ್ತಲಲ್ಲಿ ಎಲೆ ಎತ್ತಿದವರ ಹೆಸರು ನಮಗೂ ಗೊತ್ತಿರುವುದಿಲ್ಲ. ಸ್ಟೀವನ್ಸನ ಮನೆಯ ದೋಷವನ್ನು ಇಲ್ಲಿ ಕೂತು ಎಣಿಸುವಾಗ ಇದನ್ನು ಮರೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಸಮಾರಂಭದ ದಿನ ಸಂಜೆ ಅವಳು ಫೋನು ಮಾಡಿದಳು. "ಹಾಡು ಹೇಳುವಾಗ ಅಳು ಬಂತು ಮಾಮ, ಯಾಕೆ ಅಂತ ಗೊತ್ತಿಲ್ಲ. ಬಿಟ್ಟುಬಂದಿದ್ದಕ್ಕೋ ಏನೋ" ಎಂದಳು. ಹೆಮ್ಮೆಪಡೋಕೆ ಏನಾದರೂ ಸಿಕ್ಕಿತಾ ಎಂದು ಕೇಳಿದೆ. "ನಮ್ಮ ವಾರ್ಡಿಗೆ ಯಾರು ಬಂದ್ರೂ ದುಡ್ಡಿದ್ಯಾ ಅಂತ ನಾನು ಇವತ್ತಿನವರೆಗೂ ಕೇಳಿಲ್ಲ. ಅದೊಂದು ನನ್ನದು ಅನ್ಸುತ್ತೆ. ಆಮೇಲೆ, ಏನಾದ್ರೂ ತಪ್ಪಾಗಿದ್ರೆ ದೊಡ್ಡ ಡಾಕ್ಟ್ರನ್ನೂ ನಿಲ್ಲಿಸಿ ಕೇಳ್ತೀನಿ. ಊರಲ್ಲಿ ಇದ್ದಾಗ ಕೇಳ್ತಿರಲಿಲ್ಲ" ಎಂದಳು. ಸ್ವಲ್ಪ ತಡೆದು, "ರಕ್ತ ಒರೆಸಿದವರು ಯಾರು ಅಂತ ನೀವು ಇನ್ನೂ ಹೇಳಲಿಲ್ಲ" ಎಂದು ನಕ್ಕಳು.

ನನಗೆ ಉತ್ತರ ಗೊತ್ತಿಲ್ಲ, ಇಶಿಗುರೊ ಅವರ ಹೆಸರು ಬರೆದಿಲ್ಲ. ಆದರೆ ಮುಂದಿನ ವರ್ಷ ಈ ಕಾದಂಬರಿ ಪಾಠ ಮಾಡುವಾಗ ಹುಲಿಯ ಪುಟಕ್ಕೆ ಬಂದ ಕೂಡಲೇ ನಗಿಸುವುದಕ್ಕೆ ಮೊದಲು ಆ ಪ್ರಶ್ನೆಯನ್ನು ಹುಡುಗರ ಮುಂದೆ ಇಡಬೇಕೆಂದಿದ್ದೇನೆ.